ಆನ್‌ಲೈನ್ ಕನ್ನಡ ಗುಂಪಿನಲ್ಲಿ ಮಕ್ಕಳು ಸವಾಲಿಗೆ ಉತ್ತರಾನೇ ಕೊಡಲ್ಲ, ಏನು ಮಾಡೋದು?

ಚಿಂಚವಡದ ಅಮ್ಮ:
ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ನಾವು ಕೆಲವು ಮನೆಯವರು ಸೇರಿ ವಾಟ್ಸಾಪ್, ಗೂಗಲ್ ಮೀಟ್‌ನಲ್ಲಿ ಮಕ್ಕಳ ಕನ್ನಡ ಗುಂಪು ನಡೆಸುತ್ತಿದ್ದೇವೆ. ಟೀಚರ್ ಅಂತ ಯಾರೂ ಇಲ್ಲ, ಒಬ್ಬರನ್ನು ನೋಡಿ ಒಬ್ಬರು ಕಲಿಯಲಿ ಅಂತ. ವಾರಕ್ಕೊಂದು ಸವಾಲು ಹಾಕುತ್ತೇವೆ, ನಿಮ್ಮ ಇಷ್ಟದ ಹಬ್ಬದ ಬಗ್ಗೆ ಐದು ಸಾಲು ಬರೆಯಿರಿ, ಇಂಥವು. ಬರೆಯುವುದು ಅದೇ ಇಬ್ಬರು ಮೂವರು. ಉಳಿದವರು ಹೆಬ್ಬೆರಳಿನ ಇಮೋಜಿ ಒತ್ತಿ ಸುಮ್ಮನಾಗುತ್ತಾರೆ. ಎಲ್ಲರೂ ಮರಾಠಿ ಸರಾಗವಾಗಿ ಓದುತ್ತಾರೆ, ಕನ್ನಡ ಮಾತಾಡುತ್ತಾರೆ, ಅಕ್ಷರ ಮಾತ್ರ ಅರ್ಧಂಬರ್ಧ. ಅಂಕಪಟ್ಟಿ, ಬಹುಮಾನ ಇಟ್ಟರೆ ಸರಿಹೋಗುತ್ತಾ?

ಡೊಂಬಿವಲಿ ಮೇಷ್ಟ್ರು:
ಅಂಕಪಟ್ಟಿ ಬೇಡಮ್ಮಾ. ಅದೇ ಇಬ್ಬರು ಮೂವರು ಮೇಲೆ ಹೋಗುತ್ತಾರೆ, ಕೆಳಗಿದ್ದವರು ಪಟ್ಟಿ ನೋಡಿಯೇ ಫೋನ್ ಬದಿಗಿಡುತ್ತಾರೆ. ನಿಮ್ಮ ಸವಾಲನ್ನು ಒಬ್ಬರೇ ಕೂತು ಮುಗಿಸಬಹುದು, ಜೊತೆಯವರು ಯಾಕೆ ಬೇಕು ಹೇಳಿ? 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಬೇರೆ ಬೇರೆ ಜನಾಂಗದ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದಾಗ ಜಗಳ ಜಾಸ್ತಿಯಾಯಿತು. ಆಗ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ 'ಜಿಗ್‌ಸಾ' ಪದ್ಧತಿ ತಂದರು. ಪಾಠದ ಒಂದೊಂದು ತುಂಡು ಒಬ್ಬೊಬ್ಬರಿಗೆ. ಉಳಿದದ್ದು ಬೇಕಾದರೆ ಇನ್ನೊಬ್ಬರ ಬಾಯಿಂದಲೇ ಕೇಳಬೇಕು.
ನೀವೂ ಒಂದು ಕಥೆಯನ್ನು ನಾಲ್ಕು ತುಂಡು ಮಾಡಿ ನಾಲ್ವರಿಗೆ ಬೇರೆ ಬೇರೆಯಾಗಿ ಕಳಿಸಿ. ಫೋಟೊ ಫಾರ್ವರ್ಡ್ ಮಾಡುವ ಹಾಗಿಲ್ಲ, ಓದಿ ವಾಯ್ಸ್ ನೋಟ್ ಹಾಕಬೇಕು. ಕೇಳಿಸಿಕೊಂಡು ಯಾವುದು ಮೊದಲು, ಯಾವುದು ಆಮೇಲೆ ಅಂತ ನಾಲ್ವರೂ ಜೋಡಿಸಲಿ. ಒಬ್ಬ ಕಳಿಸದಿದ್ದರೆ ಉಳಿದ ಮೂವರೇ ಅವನ ಬೆನ್ನು ಹತ್ತುತ್ತಾರೆ.

ಮಾಟುಂಗಾ ಮಾಮಿ:
ಮೇಷ್ಟ್ರ ಮಾತು ಸರಿ, ಆದರೆ ಪ್ರಶ್ನೆಯಲ್ಲಿ ವಾದಕ್ಕೂ ಏನಾದರೂ ಇರಬೇಕಲ್ವಾ. ಹಾರ್ವರ್ಡ್‌ನ ಫಿಸಿಕ್ಸ್ ಪ್ರೊಫೆಸರ್ ಎರಿಕ್ ಮಜೂರ್ ಕ್ಲಾಸಿನಲ್ಲಿ ಮೊದಲು ಎಲ್ಲರೂ ಒಂಟಿಯಾಗಿ ಉತ್ತರ ಆರಿಸಬೇಕು, ಆಮೇಲೆ ಪಕ್ಕದವರ ಜೊತೆ ವಾದ, ಮತ್ತೊಮ್ಮೆ ಉತ್ತರ. ಮೊದಲ ಸುತ್ತಿನಲ್ಲಿ ಸುಮಾರು ಶೇ. 30ರಿಂದ 70ರಷ್ಟು ಮಂದಿ ಸರಿ ಹೇಳಿದರೆ ಆ ಪ್ರಶ್ನೆ ಚರ್ಚೆಗೆ ಚೆನ್ನ. ಎಲ್ಲರಿಗೂ ಗೊತ್ತಿದ್ದರೆ ಮಾತೇ ಹುಟ್ಟಲ್ಲ.
ಮುಂಬೈ-ಪುಣೆ ದಾರಿಯ ಕರ್ಜತ್ ಸ್ಟೇಷನ್ ತಗೊಳ್ಳಿ. ಕನ್ನಡದಲ್ಲಿ 'ಕರ್ಜತ್' ಸರಿಯೋ 'ಕಜ್ರತ್' ಸರಿಯೋ? ಮರಾಠಿ ಬೋರ್ಡಿನಲ್ಲಿ ರಫಾರ, ಅಂದರೆ 'ರ್' ಗುರುತು, 'ಜ'ದ ತಲೆ ಮೇಲಿರುತ್ತೆ, ನಮ್ಮ ಅರ್ಕಾವತ್ತು 'ಜ' ಆದಮೇಲೆ ಬಲಕ್ಕೆ ಕೂರುತ್ತೆ, ಆದರೂ ಆ 'ರ್' ಓದುವುದು 'ಜ'ಕ್ಕಿಂತ ಮೊದಲು. ಮಕ್ಕಳು ಇಲ್ಲಿ ಚೆನ್ನಾಗಿ ಕಿತ್ತಾಡುತ್ತಾರೆ ನೋಡಿ! ವಾಟ್ಸಾಪ್ ಪೋಲ್ ಮಾತ್ರ ಬೇಡ. ಯಾರು ಯಾವುದನ್ನು ಒತ್ತಿದರು ಅಂತ ಕಂಡರೆ ಜಾಣ ಮಗು ಒತ್ತಿದ್ದನ್ನೇ ಎಲ್ಲರೂ ಒತ್ತುತ್ತಾರೆ. ಮೀಟ್‌ನಲ್ಲಿ ಚೀಟಿ ಬರೆದು ಒಟ್ಟಿಗೇ ಕ್ಯಾಮೆರಾಗೆ ಹಿಡಿಯಲಿ.

ವಾಸ್ಕೋದಿಂದ:
ಇಲ್ಲಿ ಸುಮಾರು ಮಕ್ಕಳಿಗೆ ಸ್ವಂತ ಫೋನ್ ಇಲ್ಲ, ಅಪ್ಪ ಡ್ಯೂಟಿಯಿಂದ ಬಂದಮೇಲೆ ಸಿಗುವುದು. 'ಇವತ್ತು ರಾತ್ರಿಯೊಳಗೆ' ಅಂತ ಹಾಕಬೇಡಿ ಅಕ್ಕ, ನಾಲ್ಕು ದಿನ ಕೊಡಿ.

ಚಿಂಚವಡದ ಅಮ್ಮ:
ಈ ವಾರ ಕಥೆ ತುಂಡು ಮಾಡಿ ನೋಡುತ್ತೇನೆ. ಮೇಷ್ಟ್ರೇ, ಒಬ್ಬ ಹುಡುಗ ಓದಲು ತುಂಬಾ ತಡವರಿಸುತ್ತಾನೆ. ಅವನಿಂದ ತಂಡಕ್ಕೆ ತಡವಾದರೆ ಬೈಯಲ್ವಾ?

ಡೊಂಬಿವಲಿ ಮೇಷ್ಟ್ರು:
ಎರಡು ತಂಡ ಮಾಡಿ, ಎರಡಕ್ಕೂ ಅದೇ ಕಥೆ ಕೊಡಿ. ಅವನ ತುಂಡೇ ಸಿಕ್ಕ ಇನ್ನೊಂದು ತಂಡದ ಮಗು ಇರುತ್ತಲ್ಲ, ಅವರಿಬ್ಬರೂ ಮೊದಲು ಫೋನಿನಲ್ಲಿ ಒಟ್ಟಿಗೆ ಓದಿಕೊಳ್ಳಲಿ, ಆಮೇಲೆ ತಮ್ಮ ತಮ್ಮ ತಂಡಕ್ಕೆ ಹೋಗಲಿ. ಜಿಗ್‌ಸಾದಲ್ಲೂ ಹಾಗೇ ಮಾಡುತ್ತಾರೆ. ಅವನ ತುಂಡು ಚಿಕ್ಕದಿರಲಿ, ಆದರೆ ಕಥೆಯ ಗುಟ್ಟು ಅದರಲ್ಲೇ ಇರಲಿ.