ಸಹಾಯ ಬೇಕು: ಹಾಸ್ಯದ ಪ್ರೇಮಕವಿತೆಗೆ ಕೊನೆಯ ಸಾಲು

‘ನಿನ್ನ ನೆನಪು ಸೊಳ್ಳೆಯಂತೆ,
ದೀಪ ಆರಿದರೆ ಸಾಕು, ಕಿವಿಯ ಬಳಿ ಹಾಡು.
ಪರದೆ ಕಟ್ಟಿದೆ, ತೂತು ಮಾತ್ರ ನಾನೇ ಮಾಡಿದೆ.’

ನೆನಪು ಉಪಮೇಯ (ಹೋಲಿಸುವ ವಸ್ತು), ಸೊಳ್ಳೆ ಉಪಮಾನ (ಯಾವುದಕ್ಕೆ ಹೋಲಿಸಿದೆಯೋ ಅದು), ‘ಅಂತೆ’ ವಾಚಕ (ಹೋಲಿಕೆ ತೋರುವ ಪದ). ನಿದ್ದೆ ಕೆಡಿಸುವ ಸಮಾನಧರ್ಮವನ್ನು (ಎರಡಕ್ಕೂ ಇರುವ ಗುಣವನ್ನು) ಹೇಳದೆ ಬಿಟ್ಟಿದ್ದರಿಂದಲೇ ನಗು. ಬಿಡಿಸಿ ಹೇಳಿದರೆ ಸತ್ತೇಹೋಗುತ್ತದೆ. ‘ನೀನೇ ಸೊಳ್ಳೆ’ ಎಂದು ರೂಪಕ ಮಾಡಿದರೆ ಎರಡೂ ಒಂದೇ ಎಂಬ ಅಭೇದ ಬಂದು ಬೈಗುಳ (ಅದೂ ಪ್ರೀತಿಯೇ, ಆದರೆ ಇಲ್ಲಿ ಬೇಡ). ಮೂರನೇ ಸಾಲಿನಲ್ಲಿ ಕಿರಿಕಿರಿ ಬಯಕೆಯಾಗಿ ತಿರುಗುತ್ತದೆ. ನಾಲ್ಕನೆಯದಕ್ಕೆ ಚಂದ್ರನನ್ನು ತಂದರೆ ಚಿತ್ರ ಒಡೆಯುತ್ತದೆ.

ಬೇಕಿರುವುದು ‘ಹಚ್ಚಿಕೊಳ್ಳು’ ಪದದ ಶ್ಲೇಷೆ, ಅಂದರೆ ಒಂದೇ ಪದದಲ್ಲಿ ಎರಡು ಅರ್ಥ: ಮುಲಾಮನ್ನೂ ಹಚ್ಚಿಕೊಳ್ಳಬೇಕು, ಅವಳನ್ನೂ. ತೊಡಕು ವಿಭಕ್ತಿಯದು. ‘ನಿನ್ನನ್ನು ಹಚ್ಚಿಕೊಂಡೆ’ ಎಂದರೆ ಮುಲಾಮು ಕಾಣೆ. ಕರ್ಮಪದ ಬಿಟ್ಟರೆ ಅವಳೇ ಕಾಣೆ. ಎರಡೂ ಅರ್ಥ ಉಳಿಯುವಂತೆ ಆರೇಳು ಪದಗಳಲ್ಲಿ ಹೇಗೆ ಕೂರಿಸಬಹುದು?