ತಾರಸಿಯ ಮರದ ಪೆಟ್ಟಿಗೆ: ತಳ ಲಡ್ಡಾಗಿದೆ, ಪಕ್ಕ ಉಬ್ಬಿದೆ, ರಿಪೇರಿ ಹೇಗೆ?

ತಾರಸಿತೋಟ_ಮೈಸೂರು
4 ಅಡಿ ಉದ್ದ, 2 ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಪೆಟ್ಟಿಗೆ. ಸಿಲ್ವರ್ ಓಕ್, ಮುಕ್ಕಾಲು ಇಂಚು ಹಲಗೆ. ಮೂರು ಮಳೆಗಾಲ ಆಯಿತು. ತಳದ ಎರಡು ಹಲಗೆ ಮೆತ್ತಗಾಗಿವೆ, ಉದ್ದನೆಯ ಒಂದು ಪಕ್ಕ ನಡುವೆ ಉಬ್ಬಿದೆ, ಮೂಲೆಯ ಸ್ಕ್ರೂಗಳು ತುಕ್ಕು ಹಿಡಿದು ತಿರುಗುತ್ತಿಲ್ಲ. ಒಳಗೆ ಬದನೆ, ಮೆಣಸಿನಕಾಯಿ. ತಳಕ್ಕೆ ಪ್ಲೈವುಡ್ ಹೊಡೆದು ಹಳೇ ಎಂಜಿನ್ ಆಯಿಲ್ ಬಳಿದರೆ ಸಾಕು ಅಂತಾರೆ ಬಡಗಿ. ಸರಿನಾ?

ಉಳಿ_ಸುತ್ತಿಗೆ
ಎರಡೂ ಬೇಡ ಸರ್. ನೀರು ತಡೆಯುವ ಐಎಸ್ 710 (ಮರೀನ್) ಪ್ಲೈ ಆದರೂ ಕತ್ತರಿಸಿದ ಅಂಚಿಗೆ ಸದಾ ಒದ್ದೆ ಮಣ್ಣು ತಾಗಿದರೆ ಪದರ ಬಿಡುತ್ತದೆ. ಎಂಜಿನ್ ಆಯಿಲಿನ ವಿಷ ಮಣ್ಣಿಗಿಳಿಯುತ್ತದೆ, ತಿನ್ನೋ ಬೆಳೆಗೆ ಅದನ್ನು ಹತ್ತಿರ ತರಲೇಬೇಡಿ.

ಮೊದಲು ಮಣ್ಣು ಪೂರ್ತಿ ತೆಗೆಯಿರಿ. ಒದ್ದೆ ಮಣ್ಣು 300 ಕಿಲೋ ಮೀರುತ್ತದೆ, ತುಂಬಿದ ಪೆಟ್ಟಿಗೆ ಎತ್ತಲು ಹೋದರೆ ಗಟ್ಟಿ ಇರುವ ಮೂಲೆಗಳೂ ಬಿಚ್ಚಿಕೊಳ್ಳುತ್ತವೆ. ಆಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಪ್ರತಿ ಹಲಗೆಯನ್ನೂ ಒತ್ತಿ ನೋಡಿ. ಒಳ್ಳೆ ಮರದಲ್ಲಿ ಬರೀ ಗುರುತು ಬೀಳುತ್ತದೆ, ಲಡ್ಡಾದದ್ದರಲ್ಲಿ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ಪಕ್ಕದ ಹಲಗೆಗಳ ಕೆಳ ಅಂಚನ್ನು ಮರೆಯಬೇಡಿ, ಲಡ್ಡು ಅಲ್ಲಿಂದಲೇ ಮೇಲೇರೋದು. ಭಾರ ಹೊರುವ ತಳಕ್ಕೆ ಪುಟ್ಟಿ, ಎಪಾಕ್ಸಿ ಮೆತ್ತಿ ಪ್ರಯೋಜನವಿಲ್ಲ, ಇಡೀ ಹಲಗೆ ಬದಲಿಸಿ. ತೇಗ ಅಥವಾ ಹಲಸಿನ ಚೇಗು (ಮರದ ಒಳಗಿನ ಗಟ್ಟಿ ಭಾಗ) ಸಿಕ್ಕರೆ ಉತ್ತಮ. ಹೊರಗಿನ ಬಿಳಿ ಭಾಗ ಯಾವ ಮರದ್ದಾದರೂ ಬೇಗ ಹೋಗುತ್ತದೆ.

ತಿರುಗದ ಸ್ಕ್ರೂ ಜೊತೆ ಗುದ್ದಾಡಬೇಡಿ. ಹಲಗೆಗಳ ಸಂದಿಗೆ ಹ್ಯಾಕ್ಸಾ ಬ್ಲೇಡ್ ತೂರಿಸಿ ಕೊಯ್ದುಬಿಡಿ, ಹೊಸದನ್ನು ಒಂದು ಇಂಚು ಸರಿಸಿ ಹಾಕಿ. ಜಿಪ್ಸಮ್ ಬೋರ್ಡಿನ ಕಪ್ಪು ಸ್ಕ್ರೂ ಹೊರಗಡೆ ನಿಲ್ಲುವುದಿಲ್ಲ. 304 ಸ್ಟೇನ್‌ಲೆಸ್, 4 ಮಿ.ಮೀ. ದಪ್ಪ, 50 ಮಿ.ಮೀ. ಉದ್ದದ್ದು ತನ್ನಿ, ಮೊದಲು 3 ಮಿ.ಮೀ. ಬಿಟ್‌ನಲ್ಲಿ ತೂತು ಹಾಕಿ. ಇಲ್ಲದಿದ್ದರೆ ಹಲಗೆಯ ತುದಿ ಸೀಳುತ್ತದೆ. ಒಂದು ಹಲಗೆಯ ತುದಿಗೆ ಇನ್ನೊಂದನ್ನು ನೇರ ಹೊಡೆದರೆ ಹಿಡಿತ ಇರಲ್ಲ, ಮೂಲೆಯ ಒಳಗೆ 2×2 ಇಂಚಿನ ರೀಪು ನಿಲ್ಲಿಸಿ ಎರಡೂ ಕಡೆಯಿಂದ ಅದಕ್ಕೇ ಬಿಗಿಯಿರಿ.

ತಾರಸಿತೋಟ_ಮೈಸೂರು
ಉಬ್ಬಿದ್ದನ್ನು ಒಳಕ್ಕೆ ಎಳೆಯೋದು ಹೇಗೆ?

ಉಳಿ_ಸುತ್ತಿಗೆ
ಖಾಲಿ ಇರುವಾಗ ಪೆಟ್ಟಿಗೆಗೆ ಹಗ್ಗ ಸುತ್ತಿ, ಹಗ್ಗದೊಳಗೆ ಕೋಲು ತೂರಿಸಿ ತಿರುಚುತ್ತಾ ನಿಧಾನಕ್ಕೆ ಎಳೆಯಿರಿ. ಹಲಗೆ ತುಸು ತೇವ ಇದ್ದರೆ ಸುಲಭ, ಒಣಗಿದ್ದರೆ ಸೀಳಬಹುದು. ನೇರವಾದ ಮೇಲೆ ಎರಡು ಉದ್ದ ಪಕ್ಕಗಳ ನಡುವೆ, ಅರ್ಧ ಎತ್ತರದಲ್ಲಿ, 8 ಮಿ.ಮೀ. ಥ್ರೆಡ್ ರಾಡ್ (ಉದ್ದಕ್ಕೂ ಸ್ಕ್ರೂ ಗೆರೆ ಇರುವ ಸರಳು) ಹಾಯಿಸಿ, ಹೊರಗೆ ಅಗಲ ವಾಷರ್ ಇಟ್ಟು ನಟ್ ಬಿಗಿಯಿರಿ. ವಾಷರ್ ಚಿಕ್ಕದಾದರೆ ಮರದೊಳಕ್ಕೆ ಕಚ್ಚಿಕೊಂಡು ಹೋಗುತ್ತದೆ.

ಹಿತ್ತಿಲು_ಕುಂದಾಪುರ
ಎಣ್ಣೆ ವಿಷಯಕ್ಕೆ: ಹೊರಮೈಗೆ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ, ಎರಡು ಕೈ, ನಡುವೆ ಒಣಗಲು ಬಿಡಿ. ಬಟ್ಟೆಯಲ್ಲಿ ಒರೆಸಿದ್ದರೆ ಆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿ, ಹರಡಿ ಒಣಗಿಸಿ. ನಮ್ಮ ಕಡೆ ಗೆದ್ದಲಿಗೆ ಗೇರು ಬೀಜದ ಸಿಪ್ಪೆ ಎಣ್ಣೆ ಬಳಿಯುವುದುಂಟು, ಆದರೆ ಅದು ಚರ್ಮ ಸುಡುತ್ತದೆ, ತರಕಾರಿ ಪೆಟ್ಟಿಗೆಯ ಒಳಮೈಗಂತೂ ಬೇಡ. ಹುಳು, ಲಡ್ಡು ತಡೆಯಲು ಮರಕ್ಕೆ ಬಳಿಯುವ ಬೋರಾಕ್ಸ್ ಕೂಡ ಇಲ್ಲಿ ದಂಡ: ನೀರಿಗೆ ಕರಗಿ ಮಣ್ಣು ಸೇರುತ್ತದೆ, ಬೋರಾನ್ ಹೆಚ್ಚಾಗಿ ಎಲೆಯಂಚು ಸುಡುತ್ತದೆ.

ಮಣ್ಣು_ನೀರು
ತಳ ಯಾಕೆ ಲಡ್ಡಾಯಿತು ಅಂತ ಯಾರೂ ಕೇಳಲಿಲ್ಲ. ಪೆಟ್ಟಿಗೆ ತಾರಸಿಗೆ ಅಂಟಿ ಕೂತಿರಬೇಕು. ಕೆಳಗೆ ಗಾಳಿ ಆಡದಿದ್ದರೆ ತೇಗ ಹಾಕಿದರೂ ಇದೇ ಕಥೆ. ನಾಲ್ಕು ಮೂಲೆಗೂ ಉದ್ದ ಪಕ್ಕದ ನಡುವೆಯೂ ಇಟ್ಟಿಗೆ ಕೊಟ್ಟು ಎತ್ತರಿಸಿ, ತಾರಸಿಯ ನೀರು ಹರಿಯುವ ದಾರಿಗೆ ಅಡ್ಡ ಇಡಬೇಡಿ. ತಳಕ್ಕೆ ಆರು ಇಂಚಿಗೊಂದರಂತೆ 12 ಮಿ.ಮೀ. ತೂತು. ಒಳಗೆ ತಾಡಪಾಲು ಹಾಸಿದರೆ ನೀರು ಅದರ ಹಿಂದೆ ನಿಂತು ಮರವನ್ನೇ ತಿನ್ನುತ್ತದೆ. ತಳಕ್ಕೆ ಎರಡು ಪದರ ಶೇಡ್ ನೆಟ್ ಸಾಕು, ಮಣ್ಣು ನಿಲ್ಲುತ್ತದೆ, ನೀರು ಇಳಿಯುತ್ತದೆ.