ಡಿಮೆನ್ಷಿಯಾ ಮತ್ತು ಮಾತಾಡುವ ರೋಬೋಟ್: ಗ್ರೂಪಿನಲ್ಲಿ ಡಾಕ್ಟರ್ ಜೊತೆ ಪ್ರಶ್ನೋತ್ತರ

ಶಿವಮೊಗ್ಗದ ಸದಸ್ಯೆ: ಅತ್ತೆಗೆ ಡಿಮೆನ್ಷಿಯಾ, ಮರೆವಿನ ಕಾಯಿಲೆ. ಮಾತಾಡುವ ರೋಬೋಟ್ ತರಿಸಿದರೆ ಪ್ರಯೋಜನ ಇದೆಯಾ?

ಡಾಕ್ಟರ್: ಆರಂಭದ ಹಂತದಲ್ಲಿ ಇದೆ. ನೆದರ್‌ಲ್ಯಾಂಡ್ಸ್‌ನ ಟೆಸ್ಸಾ ನೋಡಲು ಹೂಕುಂಡದ ಹಾಗಿದೆ. 'ಊಟದ ಹೊತ್ತಾಯಿತು' ಎಂದು ಮನೆಯವರು ಆ್ಯಪ್‌ನಲ್ಲಿ ಬರೆದರೆ ಆ ಹೊತ್ತಿಗೆ ಹೇಳುತ್ತದೆ. ದಕ್ಷಿಣ ಕೊರಿಯಾದ ಹ್ಯೋದೋಲ್ ಮಗುವಿನಂಥ ಗೊಂಬೆ. ಅದೂ ಮಾತ್ರೆ ನೆನಪಿಸುತ್ತದೆ. ಆದರೆ ಕೇಳಿದ್ದು ಅರ್ಥವಾಗಿ, ಎದ್ದು ಹೋಗಿ ಮಾಡಬಲ್ಲವರಿಗೆ ಮಾತ್ರ ಇವು.

ದಾವಣಗೆರೆಯ ಸದಸ್ಯ, ಈಗ ಅಮೆರಿಕದಲ್ಲಿ: ಊರಲ್ಲಿ ಅಮ್ಮ ಒಬ್ಬರೇ. ತೀರಿಹೋದ ಅಪ್ಪನ ಹಳೆಯ ರೆಕಾರ್ಡಿಂಗ್‌ನಿಂದ ಧ್ವನಿ ಮಾಡಿಸಿ ಸ್ಪೀಕರ್‌ಗೆ ಹಾಕಿದ್ದೇನೆ. ರಾತ್ರಿ 8ಕ್ಕೆ 'ಮಾತ್ರೆ ತಗೋ' ಅನ್ನುತ್ತದೆ. ಮೊದಲು ಖುಷಿಪಟ್ಟರು. ಎರಡು ದಿನದಿಂದ ಅಪ್ಪನನ್ನು ಹುಡುಕಿಕೊಂಡು ಬೀದಿಗೆ ಹೋಗುತ್ತಿದ್ದಾರೆ. ಮಾತ್ರೆ ಡಬ್ಬಿಯೂ ಬೇಗ ಖಾಲಿಯಾಗಿದೆ.

ಡಾಕ್ಟರ್: ಆ ಧ್ವನಿಯನ್ನು ಈಗಲೇ ನಿಲ್ಲಿಸಿ. ನೀವು ಪ್ರೀತಿಯಿಂದಲೇ ಮಾಡಿದ್ದೀರಿ. ಆದರೆ ಅಮ್ಮನ ಪಾಲಿಗೆ ಅವರ ಗಂಡ ಪಕ್ಕದ ಕೋಣೆಯಲ್ಲೇ ಇದ್ದಾರೆ. ಕರೆದ ಮೇಲೆ ಹುಡುಕದೆ ಇರುತ್ತಾರಾ? ಇನ್ನು ಮಾತ್ರೆ. ಅಮ್ಮ ಆಗಲೇ ನುಂಗಿದ್ದು ಸ್ಪೀಕರ್‌ಗೆ ಗೊತ್ತಾಗುವುದಿಲ್ಲ. ಅವರಿಗೂ ನೆನಪಿರುವುದಿಲ್ಲ. ಅದು ಹೇಳಿದಾಗ ಇನ್ನೊಂದು ನುಂಗುತ್ತಾರೆ. ಕೆಲವು ಶುಗರ್ ಮಾತ್ರೆ ಹಾಗೆ ಎರಡು ಸಲ ಹೋದರೆ ಜೀವಕ್ಕೇ ಅಪಾಯ ಆಗಬಹುದು. ಡಬ್ಬಿಗೆ ಬೀಗ ಹಾಕಿಸಿ. ಆಯಾ ಹೊತ್ತಿನ ಮಾತ್ರೆಯನ್ನು ಯಾರಾದರೂ ಎದುರಿಗೇ ನುಂಗಿಸಲಿ. ನನಗೆ ಜಾಸ್ತಿ ಚಿಂತೆ ಬೇರೆ ಇದೆ. ಎರಡೇ ದಿನದಲ್ಲಿ ಗೊಂದಲ ಇಷ್ಟು ಏರಿದರೆ ಎಲ್ಲವನ್ನೂ ಡಿಮೆನ್ಷಿಯಾ ತಲೆಗೆ ಕಟ್ಟಬೇಡಿ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದದ್ದು, ಮಾತ್ರೆ ಹೆಚ್ಚಾದದ್ದು, ಯಾವುದೂ ಇರಬಹುದು. ಇವತ್ತೇ ಆಸ್ಪತ್ರೆಗೆ ಕಳಿಸಿ. ಡಬ್ಬಿಯೂ ಜೊತೆಗೆ ಹೋಗಲಿ. ಇನ್ನು ಮೇಲೆ ರಾತ್ರಿ ಅವರನ್ನು ಒಬ್ಬರೇ ಬಿಡಬೇಡಿ.

ತುಮಕೂರಿನ ಸದಸ್ಯ: ಇವು ಕನ್ನಡ ಮಾತಾಡುತ್ತವಾ? ಬೆಲೆ ಎಷ್ಟು?

ಹಾಸನದ ಸದಸ್ಯ: ಫಾರ್ವರ್ಡ್ ಬಂದಿದೆ ನೋಡಿ. ದಿನಾ ಎರಡು ಚಮಚ ತೆಂಗಿನೆಣ್ಣೆ, 40 ದಿನದಲ್ಲಿ ನೆನಪು ವಾಪಸ್.

ಡಾಕ್ಟರ್: ಬರುವುದಿಲ್ಲ. ಇದನ್ನು ನಂಬಿ ಬಿ12, ಥೈರಾಯ್ಡ್ ಪರೀಕ್ಷೆ ಮುಂದೂಡುತ್ತಾರೆ. ಸರಿಹೋಗಬಹುದಾಗಿದ್ದ ಮರೆವೂ ಕೈತಪ್ಪುತ್ತದೆ.

ಉಡುಪಿಯ ಸದಸ್ಯೆ: ಜಪಾನಿನ ರೋಬೋಟ್ ಪಾರೊ ಮಾತಾಡುತ್ತದಾ?

ಡಾಕ್ಟರ್: ಇಲ್ಲ. ಸೀಲ್ ಮರಿಯ ಹಾಗೆ ಕೂಗುತ್ತದೆ, ನೇವರಿಸಿದರೆ ಅಲುಗುತ್ತದೆ. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವೈದ್ಯಕೀಯ ಸಾಧನವೆಂದು ಒಪ್ಪಿದೆ. ಮಾತು ಹಿಡಿಯದ ಹಂತದವರಿಗೆ ಇಂಥದ್ದೇ ವಾಸಿ.

ಬೆಳಗಾವಿಯ ಸದಸ್ಯೆ: ನಮ್ಮ ಅತ್ತೆಗೂ ರೋಬೋಟ್ ತರಿಸಬಹುದಾ?

ಡಾಕ್ಟರ್: ಮೇಲೆ ಹೇಳಿದ್ದೇನೆ. ಓದಿ.

ಧಾರವಾಡದ ಸದಸ್ಯೆ: ದೂರ ಕೂತು ಮಷಿನ್ ಕಳಿಸುವುದು ಸುಲಭ. ನಮ್ಮ ಹಾಗೆ ರಾತ್ರಿಯಿಡೀ ಎದ್ದು ಕೂತು ನೋಡಲಿ.

ದಾವಣಗೆರೆಯ ಸದಸ್ಯ: ಕೆಲಸ ಬಿಟ್ಟು ಬಂದರೆ ಅಮ್ಮನ ಔಷಧಿಗೆ ನೀವು ದುಡ್ಡು ಕೊಡ್ತೀರಾ?

ಧಾರವಾಡದ ಸದಸ್ಯೆ: ನಾನು ಕೆಲಸ ಬಿಟ್ಟೇ ಅಪ್ಪನನ್ನು ನೋಡಿಕೊಳ್ಳುತ್ತಿದ್ದೇನೆ. ನನಗೆ ಯಾರು ಕೊಟ್ಟರು?

ಹಾಸನದ ಸದಸ್ಯ: ಜಗಳ ಯಾಕೆ? ಬ್ರಾಹ್ಮಿ ಬಗ್ಗೆಯೂ ಒಂದು ಬಂದಿದೆ.

ಡಾಕ್ಟರ್: ಇನ್ನೊಂದು ಫಾರ್ವರ್ಡ್ ಬಂದರೆ ಗ್ರೂಪಿನಿಂದ ತೆಗೆಯುತ್ತೇನೆ. ದಾವಣಗೆರೆಯವರೇ, ವಾದ ಬಿಡಿ. ಅಮ್ಮನನ್ನು ಕಳಿಸಿದಿರಾ?

ದಾವಣಗೆರೆಯ ಸದಸ್ಯ: ಪಕ್ಕದ ಮನೆಯವರು ಆಟೋದಲ್ಲಿ ಕರೆದುಕೊಂಡು ಹೋದರು. ಡಬ್ಬಿ ಮನೆಯಲ್ಲೇ ಉಳಿದಿದೆ.

ಡಾಕ್ಟರ್: ಯಾರನ್ನಾದರೂ ಓಡಿಸಿ ತರಿಸಿ. ಎಷ್ಟು ನುಂಗಿದ್ದಾರೆ ಅಂತ ಅಲ್ಲಿಯವರಿಗೆ ಮೊದಲು ಗೊತ್ತಾಗಬೇಕು.

ತುಮಕೂರಿನ ಸದಸ್ಯ: ಕನ್ನಡ ಮಾತಾಡುತ್ತವಾ ಅಂತ ಆಗಲೇ ಕೇಳಿದ್ದೆ.